ಕೆಂಪು ಚಿಂದಿ ಕಟ್ಟದ ಪೆಟ್ಟಿಗೆ

ಧುಪದಾಳ
10 ಜೂನ್ 2007

ಚಿರಂಜೀವಿ ಸ್ವಪ್ನಿಲನಿಗೆ ನಿನ್ನ ಅಪ್ಪನ ಆಶೀರ್ವಾದಗಳು. ಜೈ ಭೀಮ್.

ನೀನೂ ಪೂನಮ್‌ಳೂ ಕೊಲ್ಹಾಪುರದಲ್ಲಿ ಸುಖವಾಗಿದ್ದೀರೆಂದು ತಿಳಿದುಕೊಂಡು ಬರೆಯುತ್ತಿದ್ದೇನೆ. ಬರೆಯಲು ತಡವಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಕೆಲಸದಿಂದ ತಡವಾದದ್ದಲ್ಲ, ರಿಟೈರ್ ಆದವನಿಗೆ ಎಲ್ಲಿಯ ಕೆಲಸ. ಸಿಟ್ಟಿನಿಂದ ತಡವಾಯಿತು. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹಾಳೆಯ ತುಂಬ ಬೈಗುಳ ಬಿಟ್ಟರೆ ಬೇರೇನೂ ಬರಲಿಲ್ಲ. ಹರಿದು ಒಲೆಗೆ ಹಾಕಿದೆ. ಮೊಬೈಲಿನಲ್ಲಿ ಹೇಳೋಣವೆಂದರೆ ನೀನು "ಅಪ್ಪಾ, ಆಪರೇಶನ್ ಥಿಯೇಟರಿನಾಗ ಅದೀನಿ, ಆಮ್ಯಾಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀ. ಕಾಗದವಾದರೆ ಪೂರ್ತಿ ಓದಲೇಬೇಕು.

ಊರ ಸುದ್ದಿ ಮೊದಲು. ಮಿರಗದ ಮಳೆ ಬಂತು, ಎರಡು ಸಲ ಹನಿಯಿತು, ಅಷ್ಟೇ. ಹೊಳೆಗೆ ಇನ್ನೂ ಹೊಸ ನೀರು ಬಂದಿಲ್ಲ. ಒಡ್ಡಿನ ಮೇಲೆ ನಿಂತರೆ ಕೆಳಗಿನ ಬಂಡೆಗಳೆಲ್ಲ ಕಾಣುತ್ತವೆ. ಮೂಡಲಗಿಯಿಂದ ನಮ್ಮ ಹಿಡಕಲ್ ಸ್ಟೋರಿನ ಬಾಪುಸಾಹೇಬರು ಬಂದು ಒಂದು ದಿನ ಇದ್ದು ಹೋದರು. ಸಂಜೆಯಾಗುವ ಮೊದಲೇ ಊಟ ಮುಗಿಸುವ ಅವರ ಪದ್ಧತಿ ಇನ್ನೂ ಹಾಗೇ ಇದೆ, ನಿನ್ನವ್ವ ಐದು ಗಂಟೆಗೇ ರೊಟ್ಟಿ ಬಡಿದು ಹಾಕಿದಳು.

ಇನ್ನು ಬೇಡದ ಸುದ್ದಿ. ನಿನ್ನವ್ವ ಬಿದ್ದಳು.

ಎರಡು ವಾರದ ಹಿಂದೆ ಸೋಮವಾರ, ಅಂಗನವಾಡಿಯಲ್ಲಿ. ಕಾಶೆವ್ವನ ಮೊಮ್ಮಗಳನ್ನು ಎತ್ತಿಕೊಂಡು ಅಂಗಳ ದಾಟುತ್ತಿದ್ದಳಂತೆ. ಕಲ್ಲಿಲ್ಲ, ತಗ್ಗಿಲ್ಲ, ಕೆಸರೂ ಇಲ್ಲ. ಸಪಾಟು ನೆಲದ ಮೇಲೆ ಬಲ ಕಣಕಾಲಿನ ಆ ಹೊಸ ಕೀಲು ಒಳಗೆ ವಾಲಿತು. ಕೂಸಿಗೆ ಏನೂ ಆಗಲಿಲ್ಲ. ಬೀಳುವಾಗ ಅದನ್ನು ಎದೆಗೆ ಒತ್ತಿ ಹಿಡಿದು ತನ್ನ ಮೊಣಕೈ ಕೆಳಗೆ ಕೊಟ್ಟಿದ್ದಾಳೆ. ಮೊಣಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಅದಕ್ಕೆ ಅವಳು ಅಳಲಿಲ್ಲ. ಮರುದಿನ ಅಂಗನವಾಡಿಗೆ ಹೋಗಿ ಟೀಚರಮ್ಮನಿಗೆ ಹೇಳಿ ಬಂದಳು: "ಇನ್ನ ಮ್ಯಾಲೆ ನಾ ಕೂಸುಗಳನ್ನ ಎತ್ತೂದಿಲ್ರಿ. ಕಸ ಹೊಡೀತೀನಿ, ಅಡಗಿ ಮಾಡ್ತೀನಿ. ಎತ್ತೂದ ಒಂದ ಬ್ಯಾಡ್ರಿ." ಅದನ್ನು ಹೇಳಿ ಬಂದು ಹಿತ್ತಲಲ್ಲಿ ಕೂತು ಅತ್ತಳು. ಇಪ್ಪತ್ತೆರಡು ವರ್ಷ ಈ ಊರಿನ ಕೂಸುಗಳನ್ನು ಎತ್ತಿದ ಕೈ ಅದು. ಇನ್ನೆರಡು ವರ್ಷ ಕೆಲಸ ಉಳಿದಿದೆ.

ಇಷ್ಟಕ್ಕೆಲ್ಲ ಯಾರು ಉತ್ತರ ಕೊಡಬೇಕು, ಹೇಳು. ಹತ್ತು ವರ್ಷದ ಹಿಂದೆ ಘಟಪ್ರಭಾ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲು ತಪ್ಪಿ ಕಣಕಾಲಿನ ಗಂಟು ಮುರಿದುಕೊಂಡಳು. ನಾಟಿ ವೈದ್ಯ ಕಟ್ಟಿದ್ದು ಸೊಟ್ಟಗೆ ಕೂಡಿತು. ಕೀಲು ಸವೆದು ಸವೆದು ನೋವಿಗೆ ಬಂತು. ಆದರೂ ಆ ಮುದಿ ಕೀಲು ಒಂದು ದಿನವೂ ಅವಳನ್ನು ಕೆಡವಲಿಲ್ಲ. ನೀನು ಎಲುಬಿನ ಸಾಮಾನಿನ ಕಂಪನಿಗೆ ಸೇರಿ, ಕೀಲಿನ ಪೆಟ್ಟಿಗೆಯನ್ನು ಆಪರೇಶನ್ ಥಿಯೇಟರಿಗೆ ಒಯ್ದು ಕೊಡುವ ಕೆಲಸ ಹಿಡಿದ ಮೇಲೆ ಬಂದು ಹೇಳಿದೆ, "ಅಪ್ಪಾ, ಮೊಣಕಾಲ ಬದಲ ಮಾಡಿದಂಗ ಈಗ ಕಣಕಾಲೂ ಬದಲ ಮಾಡ್ತಾರ. ಮುಂಬೈಲಿಂದ ದೊಡ್ಡ ಡಾಕ್ಟರ್ರು ಬರ್ತಾರ. ಮಾಡಿ ತೋರಿಸ್ತಾರ, ನಲವತ್ತು ಡಾಕ್ಟರ್ರು ಬಾಜೂ ಖೋಲ್ಯಾಗ ಟಿವಿ ಮ್ಯಾಲೆ ನೋಡ್ತಾರ. ಮೊದಲನೇ ಪೇಶಂಟ್ ನಮ್ಮವ್ವನ." ನಾನು ಎಷ್ಟು ಉಬ್ಬಿದೆನೆಂದರೆ ಚಹಾದ ಅಂಗಡಿಯಲ್ಲಿ ಕೂತವರಿಗೆಲ್ಲ ಹೇಳಿ ಬಂದೆ. ನವೆಂಬರ್ ಹನ್ನೆರಡಕ್ಕೆ ಕೊಲ್ಹಾಪುರದಲ್ಲಿ ಆಪರೇಶನ್ ಆಯಿತು. ಏಳು ತಿಂಗಳಾಯಿತು. ಈಗ ಅದೇ ಅಂಗಡಿಯವರು ನಿನ್ನವ್ವನ ಹೆಸರು ಹಿಡಿದು "ಸತ್ತೆವ್ವ ಹೆಂಗದಾಳ?" ಅಂತ ಕೇಳಿದರೆ ಚಹಾ ಅಲ್ಲೇ ಬಿಟ್ಟು ಎದ್ದು ಬರುತ್ತೇನೆ.

ಹೊಸ ಕೀಲು ಹೊಂದಿಕೊಳ್ಳಲು ವರ್ಷ ಬೇಕು ಎಂದು ನೀನು ಹೇಳಿದ್ದೆ, ನಾನೂ ನಂಬಿ ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಬಿದ್ದ ದಿನ ಕಣ್ಣು ತೆರೆದೆ. ಅವಳ ಚಪ್ಪಲಿ ತಿರುವಿ ನೋಡಿದೆ. ಬಲಗಾಲಿನದು ಹೊರಗಿನ ಅಂಚಿನಲ್ಲಷ್ಟೇ ಸವೆದು ಚೂರಿಯ ಅಲಗಿನಷ್ಟು ತೆಳ್ಳಗಾಗಿದೆ, ಒಳಗಿನ ಅಂಚು ಹೊಸದರ ಹಾಗೇ ಇದೆ. ಡ್ಯಾಮಿನ ಗೇಟು ನಿಲ್ಲಿಸಲು ಬಳಸುತ್ತಿದ್ದ ನನ್ನ ಹಳೆಯ ತೂಗುಗುಂಡು ತೆಗೆದೆ. ಗೋಡೆಯ ಹತ್ತಿರ ನಿಲ್ಲಿಸಿ, ಮೊಣಕಾಲಿನ ಹಿಂದಿನಿಂದ ದಾರ ಇಳಿಬಿಟ್ಟೆ. ಎಡಗಾಲಿನಲ್ಲಿ ಗುಂಡು ಹಿಮ್ಮಡಿಯ ನಡುವೆ ಬಂತು. ಬಲಗಾಲಿನಲ್ಲಿ ಎರಡು ಬೆರಳು ಆಚೆ. ಅವಳು "ಏನ್ರಿ, ನನ್ನೇನ ಡ್ಯಾಮಿನ ಗೇಟ ಅಂತ ತಿಳದೀರೇನ?" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಬಾಪುಸಾಹೇಬರ ಸೊಸೆ ದೀಪಾಲಿ ಗೋಕಾಕದಲ್ಲಿ ವ್ಯಾಯಾಮದ ದವಾಖಾನೆ ಇಟ್ಟಿದ್ದಾಳಲ್ಲ, ಅಲ್ಲಿಗೆ ಕರೆದುಕೊಂಡು ಹೋದೆ. ಅವಳು ಒಂದು ಕೈಯಲ್ಲಿ ಕಾಲು, ಇನ್ನೊಂದು ಕೈಯಲ್ಲಿ ಹಿಮ್ಮಡಿ ಹಿಡಿದು ಮೆಲ್ಲಗೆ ಅಲುಗಾಡಿಸಿದಳು. ಒಳಗೆ ಟಕ್ ಎಂದಿತು. ನನಗೂ ಕೇಳಿಸಿತು. "ಕಾಕಾ, ಇದು ವ್ಯಾಯಾಮದ್ಲೆ ಹೋಗೂದಲ್ರಿ. ಒಳಗ ಸಡ್ಲ ಐತಿ," ಅಂದಳು. ಅವಳೇ ಬೆಳಗಾವಿಯ ಒಬ್ಬ ಎಲುಬಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟಳು.

ಆ ಮನುಷ್ಯ ವಯಸ್ಸಿನಲ್ಲಿ ನಿನಗಿಂತ ನಾಲ್ಕು ವರ್ಷ ದೊಡ್ಡವನಿರಬಹುದು, ಆದರೆ ಕೆಲಸ ಗೊತ್ತಿದ್ದವನು. ಕೊಲ್ಹಾಪುರದಲ್ಲಿ ಯಾವಾಗಲೂ ಮಲಗಿಸಿ ಎಕ್ಸರೇ ತೆಗೆಯುತ್ತಿದ್ದರು. ಇವರು ನಿಲ್ಲಿಸಿ, ಮೈಭಾರ ಹಾಕಿಸಿ ತೆಗೆದರು. ಮಲಗಿದಾಗ ಚೆಂದ ಕಾಣುವ ಕೀಲು ನಿಂತಾಗ ಒಂದು ಕಡೆ ಬಾಯಿ ಬಿಟ್ಟಿತ್ತು. ನಾನು ಫಿಟ್ಟರ್ ಅಂತ ಹೇಳಿದ ಮೇಲೆ, ಅವಳನ್ನು ಹೊರಗೆ ಕೂರಿಸಿ, ನನಗೆ ಬಿಡಿಸಿ ಹೇಳಿದರು.

"ನೋಡ್ರಿ ಕಾಕಾ, ಮೂರು ತುಂಡಿನ ಕೀಲಿದು. ಮ್ಯಾಲಿನ ಎಲುಬಿಗೆ ಒಂದು ತಗಡ, ಕೆಳಗಿನ ಎಲುಬಿಗೆ ಒಂದು ಟೊಪಗಿ, ನಡುವ ಒಂದು ಪ್ಲಾಸ್ಟಿಕ್. ಟೊಪಗಿ ದೊಡ್ಡದಾದ್ರ ಬಾಜೂ ಎಲುಬಿಗೆ ತಿಕ್ಕತೈತಿ, ಸಣ್ಣದಾದ್ರ ಎಲುಬಿನಾಗ ಇಳೀತೈತಿ. ಇವರಿಗೆ ತಗಡ, ಟೊಪಗಿ ಎರಡೂ ಬರೋಬರಿ ಅದಾವ. ನಡುವಿನ ಪ್ಲಾಸ್ಟಿಕ್ ತೆಳು ಬಿದ್ದೈತಿ. ಅದು ತೆಳು ಆತಂದ್ರ ಎರಡೂ ಬಾಜೂ ಹಿಡಿದಿರೋ ನರದ ಕಟ್ಟು ಸಡ್ಲ ಉಳೀತಾವ, ಕೀಲ ಆ ಕಡೆ ಈ ಕಡೆ ವಾಲತೈತಿ."

"ದಪ್ಪಂದು ಹಾಕಿದ್ರ?" ಅಂದೆ.

"ಹದಕ್ಕಿಂತ ದಪ್ಪ ಆದ್ರ ಬಿಗಿ ಹಿಡೀತೈತಿ, ಪಾದ ಮಡಚೂದಿಲ್ಲ. ಐದು, ಏಳು, ಒಂಬತ್ತು ಅಂತ ಮಿಲಿಮೀಟರಿನ ಲೆಕ್ಕದಾಗ ಬರ್ತಾವ. ಫೋಟೋ ನೋಡಿದ್ರ ಇದು ಐದು ಇರಬೇಕು. ಇವರಿಗೆ ಏಳು ಬೇಕಾಗಿತ್ತು."

ಎರಡು ಮಿಲಿಮೀಟರ್, ಸ್ವಪ್ನಿಲ. ಅಕ್ಕಿಕಾಳಿನ ದಪ್ಪ. ಅಷ್ಟಕ್ಕೆ ನಿನ್ನವ್ವ ನೆಲಕ್ಕೆ ಬಿದ್ದಳು.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೇಟಿನ ಅಂಚಿಗೆ ಹಾಕುವ ರಬ್ಬರೂ ಹಾಗೇ. ತೆಳ್ಳಗಾದರೆ ಗೇಟು ನೀರಿನ ಒತ್ತಡಕ್ಕೆ ನಡುಗುತ್ತದೆ, ದಪ್ಪಗಾದರೆ ಕಚ್ಚಿಕೊಂಡು ಏಳುವುದೇ ಇಲ್ಲ. ಮೂವತ್ತೊಂದು ವರ್ಷ ಹಿಡಕಲ್ ಡ್ಯಾಮಿನಲ್ಲೂ ಈ ಧುಪದಾಳದ ಒಡ್ಡಿನಲ್ಲೂ ಅದನ್ನೇ ಮಾಡಿದೆ. ಹಿಡಕಲ್ಲಿನ ಸ್ಟೋರಿನಲ್ಲಿ ಬಾಪುಸಾಹೇಬರ ಪದ್ಧತಿ ನಿನಗೆ ನೆನಪಿರಬೇಕು. ಸಾಮಾನಿನ ಪೆಟ್ಟಿಗೆಯಲ್ಲಿ ಒಂದೇ ಒಂದು ತುಂಡು ಕಡಿಮೆ ಬಂದಿದ್ದರೂ ಹಿಡಿಕೆಗೆ ಕೆಂಪು ಚಿಂದಿ ಕಟ್ಟಿಬಿಡುತ್ತಿದ್ದರು. ಚಿಂದಿ ಕಟ್ಟಿದ ಪೆಟ್ಟಿಗೆಯನ್ನು ಯಾವ ಫಿಟ್ಟರೂ ಒಯ್ಯುವ ಹಾಗಿಲ್ಲ. ಒಂದು ಸಲ ಮಂತ್ರಿ ಬರುವವರಿದ್ದರು, ಇಂಜಿನಿಯರ್ ಸಾಹೇಬರು ಎಲ್ಲರ ಮುಂದೆ ಇವರನ್ನು ಬಾಯಿಗೆ ಬಂದ ಹಾಗೆ ಬೈದರು, "ಇದ್ದದ್ದ ಹಾಕಿಸ್ರಿ" ಅಂದರು. ಬಾಪುಸಾಹೇಬರು ತಲೆ ತಗ್ಗಿಸಿ ನಿಂತು ಬೈಸಿಕೊಂಡರು, ಚಿಂದಿ ಮಾತ್ರ ಬಿಚ್ಚಲಿಲ್ಲ. ಮಂತ್ರಿ ಬಂದು, ಬಿಚ್ಚಿಟ್ಟಿದ್ದ ಗೇಟನ್ನೇ ನೋಡಿ ಹೋದರು. ಯಾರೂ ಸಾಯಲಿಲ್ಲ.

ಒಂದು ಸರಕಾರಿ ಸ್ಟೋರಿನಲ್ಲಿ ಇರುವಷ್ಟು ಶಿಸ್ತು ಮುಂಬೈಯ ಆ ದೊಡ್ಡ ಡಾಕ್ಟರನಿಗೆ ಇಲ್ಲವೇ? ಕೋಟು, ಟೈ, ನಲವತ್ತು ಮಂದಿ ಶಿಷ್ಯರು! ಅಳತೆ ನೋಡಲು ಬರದವನು ಆ ಕೈಯಲ್ಲಿ ಕರಣಿ ಹಿಡಿದು ಗೋಡೆ ಗಿಲಾವು ಮಾಡಲಿ. ನನ್ನ ಕೈಗೆ ಸಿಕ್ಕರೆ ಆ ಎಕ್ಸರೇಯನ್ನು ಅವನ ಮುಖಕ್ಕೆ ಹಿಡಿಯುತ್ತೇನೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಬೆಳಗಾವಿಯ ಡಾಕ್ಟರು ಹೇಳಿದ್ದು ಕೇಳು. ಪ್ಲಾಸ್ಟಿಕ್ ಈಗಾಗಲೇ ಒಂದು ಬದಿಗೆ ಸವೆಯುತ್ತಿದೆ. ಮಳೆಗಾಲ ಮುಗಿಯುವುದರೊಳಗೆ ಆ ಒಂದು ತುಂಡು ಬದಲಿಸಿದರೆ ಕೀಲು ಉಳಿಯುತ್ತದೆ. ತಡವಾದರೆ ಎಲ್ಲ ಕಿತ್ತು, ಎಲುಬಿಗೆ ಎಲುಬು ಬೆಸೆಯಬೇಕು. ಆಮೇಲೆ ಆ ಪಾದ ಕಟ್ಟಿಗೆಯ ಪಾದ. ಬದಲಿಸಬೇಕೆಂದರೆ ಅದೇ ಕಂಪನಿಯ, ಅದೇ ನಮೂನೆಯ ತುಂಡೇ ಬೇಕು. ಒಳಗೆ ಏನೇನು ಹಾಕಿದ್ದಾರೆ ಎಂಬ ಅಳತೆಯ ಚೀಟಿ ಬೇಕು. ಕೀಲು ನಿಮ್ಮ ಕಂಪನಿಯದು, ಪೆಟ್ಟಿಗೆ ಒಯ್ದವನು ನೀನು, ಚೀಟಿ ನಿನ್ನ ಹತ್ತಿರ ಇದ್ದೇ ಇರುತ್ತದೆ. ಕೂಡಲೇ ಕಳಿಸು. ಆ ಡಾಕ್ಟರನಿಗೂ ಹೋಗಿ ಕೇಳು, ಏಳು ಬೇಕಾದಲ್ಲಿ ಐದು ಯಾಕೆ ಹಾಕಿದೆ ಎಂದು. ಹೆದರಬೇಡ, ನಿನ್ನ ಹಿಂದೆ ನಾನಿದ್ದೇನೆ.

ಪೂನಮ್‌ಗೆ ನನ್ನ ಆಶೀರ್ವಾದ ಹೇಳು. ಮೇ ತಿಂಗಳಲ್ಲಿ ನೀವಿಬ್ಬರೂ ಬಂದಾಗ ಅತ್ತೆ ಸರಿಯಾಗಿ ಉಪಚಾರ ಮಾಡಲಿಲ್ಲ ಎಂದು ಅವಳಿಗೆ ಅನಿಸಿರಬಹುದು. ಸಂಕೇಶ್ವರದ ಮೆಣಸಿನಕಾಯಿ ರಾಶಿ ಮುಂದಿಟ್ಟುಕೊಂಡು, ತೊಟ್ಟು ಬಿಡಿಸುತ್ತಾ, ಬೆಳಗಿನಿಂದ ಸಂಜೆತನಕ ಚಾಪೆ ಬಿಟ್ಟು ಏಳಲಿಲ್ಲ ಮಹಾರಾಯಿತಿ. ಚಹಾ ನಾನೇ ಮಾಡಿದೆ. ನೀವು ಹೊರಟಾಗ ಬಾಗಿಲತನಕವೂ ಬರಲಿಲ್ಲ. ಆಮೇಲೆ ನಾನು ಬೈದೆ, "ಸೊಸಿ ಬಂದಾಳ, ಏಳಾಕೂ ಆಗಂಗಿಲ್ಲೇನ ನಿನಗ?" ಅಂತ. "ಮೆಣಸಿನಕಾಯಿ ಕೈಯ್ರಿ, ಎದ್ದು ಓಡ್ಯಾಡಿದ್ರ ಎಲ್ಲಾ ಕಡೆ ಖಾರ ಹತ್ತತೈತಿ," ಅಂದಳು. ಅವಳ ರೀತಿ ನಿನಗೆ ಗೊತ್ತಲ್ಲ.

ಇಬ್ಬರೂ ಸುಖವಾಗಿರಿ.

ನಿನ್ನ ಅಪ್ಪ,
ಭೀಮರಾಯ

ತಾ.ಕ.: ನಾನು ನಿನಗೆ ಬರೆಯುತ್ತಿದ್ದೇನೆಂದು ಗೊತ್ತಾಗಿ ನಿನ್ನವ್ವ ಬೇಡ ಬೇಡ ಅನ್ನುತ್ತಿದ್ದಾಳೆ. "ಅಂವಗ್ಯಾಕ ತ್ರಾಸು ಕೊಡ್ತೀರಿ, ನಂದೇನ ಆಗೂದ ಆಗ್ಲಿ," ಅಂತ. ಅವಳ ಮಾತಿಗೆ ಕಿವಿಗೊಡಬೇಡ.


ಧುಪದಾಳ
15 ಜುಲೈ 2007

ಸ್ವಪ್ನಿಲ,

ಆಶೀರ್ವಾದ. ಈ ಸಲವೂ ತಡವಾಯಿತು. ಹೋದ ಕಾಗದದಲ್ಲಿ ತಡವಾದದ್ದಕ್ಕೆ ಕ್ಷಮೆ ಕೇಳುವ ಮನಸ್ಸಿತ್ತು, ಈ ಸಲ ಅದೂ ಇಲ್ಲ.

ನನ್ನ ನಾಲ್ಕು ಹಾಳೆಯ ಕಾಗದಕ್ಕೆ ನೀನು ಒಂದು ಫೋನು ಮಾಡಿದೆ. ಎರಡು ನಿಮಿಷ ಇರಲಿಲ್ಲ. "ಅಪ್ಪಾ, ಚೀಟಿ ನನ್ನ ಹಂತೇಕ ಇಲ್ಲ, ದವಾಖಾನ್ಯಾಗ ಇರತೈತಿ, ಅಲ್ಲೂ ಸಿಗೂದ ಡೌಟು. ಮುಂಬೈ ಡಾಕ್ಟರ್ರು ಭಾಳ ದೊಡ್ಡ ಮನಿಷ್ಯಾ, ಅವರನ್ನ ಕೇಳಾಕ ಬರೂದಿಲ್ಲ. ಅವ್ವಗ ವ್ಯಾಯಾಮ ಮಾಡಾಕ ಹೇಳು." ವ್ಯಾಯಾಮ! ನಾನು ಮಾತು ಶುರು ಮಾಡುವಷ್ಟರಲ್ಲಿ ನೀನು ಇಟ್ಟುಬಿಟ್ಟೆ. ಆಗಲೂ ನಿನ್ನ ಮೇಲೆ ಸಂಶಯ ಬರಲಿಲ್ಲ. ಪಾಪ, ಹುಡುಗ ದೊಡ್ಡವರಿಗೆ ಹೆದರುತ್ತಾನೆ ಅಂದುಕೊಂಡೆ.

ಅದಕ್ಕೆ ನಾನೇ ಹೊರಟೆ. ಮೂಡಲಗಿಗೆ ಹೋಗಿ ಬಾಪುಸಾಹೇಬರನ್ನು ಎಬ್ಬಿಸಿಕೊಂಡು, ಹುಕ್ಕೇರಿ, ಸಂಕೇಶ್ವರದ ಮೇಲೆ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಬಂದೆವು. ಹೌದು, ನಿನ್ನ ಊರಿಗೇ. ನಿನ್ನ ಮನೆಗೆ ಬರಲಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಆ ಆಸ್ಪತ್ರೆಯಲ್ಲಿ ಮೂರು ಕಿಡಕಿಗೆ ಕಳಿಸಿದರು, ಮೂರರಲ್ಲೂ "ಉದ್ಯಾ ಯಾ" ಅಂದರು. ನಾಳೆ ಬರಲು ನಾವೇನು ಅಲ್ಲೇ ಬಾಜೂ ಗಲ್ಲಿಯವರೇ? ಬಾಪುಸಾಹೇಬರು "ಭೀಮರಾಯ್ರ, ದವಾಖಾನಿ ಇರ್ಲಿ ಡ್ಯಾಮ ಇರ್ಲಿ, ಖರೆ ಮಾತು ಸ್ಟೋರಿನಾಗ ಇರತೈತಿ," ಅಂದರು. ನೇರ ಸ್ಟೋರಿಗೆ ಹೋದೆವು. ಅಲ್ಲಿದ್ದವನು ಸಂಕೇಶ್ವರದ ಖಂಡೆಪ್ಪ. ಕನ್ನಡ ಕೇಳಿ ಅವನ ಮುಖ ಅರಳಿತು. ಸ್ಟೋರಿನವರು ಇಬ್ಬರೂ ಕೂತು ಅರ್ಧ ತಾಸು ತಮ್ಮ ತಮ್ಮ ಇಲಿಗಳ ಸುದ್ದಿ ಮಾತಾಡಿದರು. ಆಮೇಲೆ ಖಂಡೆಪ್ಪ ಹೇಳಿದ, "ಪೇಶಂಟಿನ ಗಂಡ ನೀವಂದ್ರ ನೋಡಾಕ ನಿಮಗ ಹಕ್ಕೈತ್ರಿ ಕಾಕಾ." ನವೆಂಬರಿನ ಫೈಲು ತೆಗೆದ.

ಚೀಟಿ ಇತ್ತು. ಮೂರು ತುಂಡಿನ ಮೂರು ಸ್ಟಿಕರ್, ಹಾಳೆಗೆ ಅಂಟಿಸಿದ್ದರು. ನಡುವಿನ ತುಂಡು ಐದೇ. ಬೆಳಗಾವಿಯ ಡಾಕ್ಟರು ಹೇಳಿದ ಹಾಗೇ.

ನಾನು ಎದ್ದು ಹೊರಡುವವನಿದ್ದೆ. ಬಾಪುಸಾಹೇಬರು ನನ್ನ ಅಂಗಿ ಹಿಡಿದು ಕೂರಿಸಿದರು. ಸ್ಟೋರಿನಲ್ಲಿ ಹಣ್ಣಾದ ಕಣ್ಣು, ಒಂದು ಹಾಳೆ ನೋಡಿ ಏಳುವುದಿಲ್ಲ. ಹಿಂದಿನ ಹಾಳೆ ತಿರುವಿದರು. ಪೆಟ್ಟಿಗೆಯ ಜೊತೆ ಕಂಪನಿಯವರು ಕೊಟ್ಟ ಚಲನ್. ಒಂದು ಕಡೆ ಬೇಕಾದ ತುಂಡು, ಇನ್ನೊಂದು ಕಡೆ ಬಂದ ತುಂಡು. ಅಳತೆ ನೋಡುವ ತುಂಡುಗಳು ಪೂರ್ತಿ ಬಂದಿದ್ದವು. ಒಳಗೆ ಉಳಿಯುವ ಪ್ಲಾಸ್ಟಿಕ್ ಮಾತ್ರ ಹೀಗಿತ್ತು: ಐದು, ಬಂದಿದೆ. ಒಂಬತ್ತು, ಬಂದಿದೆ. ಏಳು, ಮುಂಬೈಯಿಂದ ಬರಬೇಕು. ತಾರೀಖು ನವೆಂಬರ್ ಹನ್ನೊಂದು. ಆಪರೇಶನ್ನಿನ ಹಿಂದಿನ ದಿನ.

ಕೆಳಗಿನ ಸಹಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಆ ಏಳರ ಅಂಕಿಯ ಹೊಟ್ಟೆಗೆ ಅಡ್ಡಗೆರೆ ಇತ್ತು. ಒಂದು ಯಾವುದು ಏಳು ಯಾವುದು ತಪ್ಪಬಾರದೆಂದು ನಾವು ಫಿಟ್ಟರುಗಳು ಹಾಕುವ ಗೆರೆ. ನೀನು ಒಂದನೇ ಇಯತ್ತೆಯಲ್ಲಿದ್ದಾಗ ಪಾಟಿಯ ಮೇಲೆ ನಾನೇ ಕೈ ಹಿಡಿದು ಹಾಕಿಸಿದ ಗೆರೆ.

ಬಾಪುಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮುಖ ನೋಡಲಿಲ್ಲ. "ಚಹಾ ಕುಡಿಯೋಣ ಬರ್ರಿ," ಅಂದರು.

ಹಾಗಾದರೆ ನಿನಗೆ ಗೊತ್ತಿತ್ತು. ಹಿಂದಿನ ದಿನವೇ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಒಂದು ತುಂಡು ಇಲ್ಲವೆಂದು ನಿನ್ನ ಕೈಯಿಂದಲೇ ಬರೆದು, ಅದೇ ಪೆಟ್ಟಿಗೆ ಎತ್ತಿಕೊಂಡು ಥಿಯೇಟರಿನೊಳಗೆ ಹೋದೆ. ಏಳರ ಅಳತೆಯೇ ಬೇಕಾಗಲಿಕ್ಕಿಲ್ಲ ಅಂತ ಜೂಜು ಆಡಿದೆಯಾ? ನಿನ್ನ ಅವ್ವನ ಕಾಲಿನ ಮೇಲೆ? ಡಾಕ್ಟರು ಅಳತೆಯ ತುಂಡು ಇಟ್ಟು ನೋಡಿ ಏಳು ಕೇಳಿದಾಗ ನೀನು ಏನಂದಿರಬೇಕು ಅಂತ ಬಸ್ಸಿನ ತುಂಬ ಅದೇ ಯೋಚನೆ. ಹಿಂದಿನ ದಿನ ಒಂದು ಫೋನು ಮಾಡಿ "ತುಂಡು ಬಂದಿಲ್ಲ, ಮುಂದಕ್ಕೆ ಹಾಕ್ರಿ" ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದರೆ ಮುಂಬೈಯ ಸಾಹೇಬ ಬಂದಾಗಿತ್ತು, ಟಿವಿ ಹಚ್ಚಿಯಾಗಿತ್ತು, ನಲವತ್ತು ಡಾಕ್ಟರ ಮುಂದೆ "ಪೆಟ್ಟಿಗೆ ಪೂರ್ತಿ ಇಲ್ಲ" ಅನ್ನಲು ನಿನಗೆ ನಾಚಿಕೆ. ಬಾಪುಸಾಹೇಬರಿಗೆ ಮಂತ್ರಿ ಬರುವ ದಿನ ಆಗದ ನಾಚಿಕೆ.

ಆ ಡಾಕ್ಟರನನ್ನೂ ನಾನು ಬಿಡುವುದಿಲ್ಲ. ಅಳತೆ ಏಳು ಎಂದು ಗೊತ್ತಿದ್ದೂ ಐದು ಹಾಕಿದ ಕೈ ಅವನದು. ಅವನಿಗೆ ಬೇರೆ ಕಾಗದ ಬರೆಯುತ್ತೇನೆ. ಆದರೆ ಅವನಿಗೆ ಅವಳು ಒಂದು ಪೇಶಂಟು. ನೀನು ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಹೋದ ಕಾಗದದಲ್ಲಿ ನಿನಗೆ ಧೈರ್ಯ ಹೇಳಿದ್ದೆನಲ್ಲ, ಅದನ್ನು ಓದುವಾಗ ನಿನಗೆ ಏನೆನಿಸಿತು? ಅಪ್ಪ ಏನೂ ಅರಿಯದ ಮನುಷ್ಯ, ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಾನೆ ಅಂದುಕೊಂಡೆಯಾ? ತಪ್ಪು ಎಲ್ಲರಿಂದಲೂ ಆಗುತ್ತದೆ. ನಾನೂ ಮಾಡಿದ್ದೇನೆ. ಆದರೆ ತಪ್ಪಾದ ಮೇಲೆ ಏಳು ತಿಂಗಳು, ತಿಂಗಳಿಗೆ ಒಂದು ಸಲ "ಹೊಂದಿಕೊಳ್ಳಾಕ ಟೈಮ್ ಬೇಕು" ಅಂತ ನಮಗೆ ಹೇಳುತ್ತಾ ಬಂದೆಯಲ್ಲ, ಅದನ್ನು ತಪ್ಪು ಅನ್ನುವುದಿಲ್ಲ. ಅದಕ್ಕೆ ಬೇರೆ ಹೆಸರಿದೆ, ಬರೆಯಲು ನನಗೇ ಹೇಸಿಕೆ.

ಈಗ ಕೇಳು, ಬೇಡುತ್ತಿಲ್ಲ, ಹೇಳುತ್ತಿದ್ದೇನೆ. ಇಪ್ಪತ್ತೆರಡನೇ ತಾರೀಖು ರವಿವಾರ ನೀನು ಇಲ್ಲಿಗೆ ಬರಬೇಕು. ಏಳು ನಂಬರಿನ ತುಂಡು ತರಬೇಕು. ಎಲ್ಲಿಂದ ತರುತ್ತೀ, ಯಾರ ಕಾಲು ಹಿಡಿಯುತ್ತೀ, ಅದು ನಿನ್ನ ಪಾಡು. ಅದರ ಹಿಂದೆ ಮುಂದಿನ ಅಳತೆಯವೂ ಇರಲಿ, ಈ ಸಲ ಪೆಟ್ಟಿಗೆ ಪೂರ್ತಿ ಇರಬೇಕು. ಬಾಪುಸಾಹೇಬರು ಬಂದು ಎಣಿಸಿ ನೋಡುತ್ತೇನೆ ಅಂದಿದ್ದಾರೆ. ಸೋಮವಾರ ಬೆಳಗಾವಿಗೆ ನಮ್ಮ ಜೊತೆ ಬರಬೇಕು. ಆ ಡಾಕ್ಟರ ಮುಂದೆ ನಿಂತು, ಯಾವ ತುಂಡು ಇರಲಿಲ್ಲ, ಯಾಕೆ ಐದು ಹಾಕಿಸಿದೆ, ನಿನ್ನ ಬಾಯಿಂದಲೇ ಹೇಳಬೇಕು. ನಿನ್ನ ಕೆಲಸ ಹೋಗಬಹುದು. ಹೋಗಲಿ. ಎರಡು ಕಾಲು ಗಟ್ಟಿ ಇದ್ದವನಿಗೆ ಬೇರೆ ಕೆಲಸ ಸಿಗುತ್ತದೆ.

ನಿನ್ನವ್ವನಿಗೆ ಇದರಲ್ಲಿ ಒಂದು ಅಕ್ಷರವೂ ಹೇಳಿಲ್ಲ. ಸ್ಟೋರಿನಲ್ಲಿ ಚೀಟಿ ಸಿಕ್ಕಿತು ಎಂದಷ್ಟೇ ಹೇಳಿದ್ದೇನೆ. ಅವಳಿಗೆ ಹೇಳುವ ಬಾಯಿ ನನಗಿಲ್ಲ. ಇಡೀ ಊರಿಗೆ ಆಸ್ಪತ್ರೆಯ ಫೋಟೋ ತೋರಿಸಿ ಬಂದವಳು ಅವಳು, ಹಸಿರು ಟೊಪ್ಪಿಗೆ ಹಾಕಿಕೊಂಡು ಡಾಕ್ಟರ ಬಾಜೂ ನಿಂತ ನಿನ್ನ ಫೋಟೋ. ಅದು ಇನ್ನೂ ಬಾಬಾಸಾಹೇಬರ ಪಟದ ಪಕ್ಕದಲ್ಲೇ ಇದೆ. ನಾನು ತೆಗೆಯಲು ಹೋದೆ, ಏನು ಕಾರಣ ಹೇಳುವುದು ತಿಳಿಯದೆ ಬಿಟ್ಟೆ. ನೀನೇ ಬಂದು ಅವಳಿಗೆ ಹೇಳು.

ಪೂನಮ್‌ಗೆ ಆಶೀರ್ವಾದ. ಅವಳ ಮೇಲೆ ನನ್ನ ಸಿಟ್ಟಿಲ್ಲ. ನಿನಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲೂ ಅದನ್ನು ಬಿಟ್ಟು ಬೇರೆ ಬರೆಯಲು ಕೈ ಬರುತ್ತಿಲ್ಲ.

ಅಪ್ಪ,
ಭೀಮರಾಯ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕುತ್ತಿದ್ದೆ. ನಿನ್ನವ್ವ ಒಲೆಯ ಮುಂದೆ ಕೂತವಳು ಕೇಳಿದಳು, "ಏನ ಬರದೀರಿ?" ನಾನು ಏನೂ ಇಲ್ಲ ಅಂದೆ. "ಏಳು ನಂಬರಿಂದ ಬರದೀರೇನು?" ಅಂದಳು.

ನಾನು ಅವಳ ಮುಂದೆ ಎಂದೂ ನಂಬರಿನ ಮಾತೆತ್ತಿರಲಿಲ್ಲ. ಬೆಳಗಾವಿಯಲ್ಲಿ ಡಾಕ್ಟರು ನನಗೆ ಹೇಳುವಾಗ ಅವಳು ಹೊರಗೆ ಬೆಂಚಿನ ಮೇಲಿದ್ದಳು. "ನಿನಗ ಯಾರ ಹೇಳಿದ್ರು?" ಅಂದೆ. ರೊಟ್ಟಿ ತಿರುವಿ ಹಾಕುತ್ತಾ ಹೇಳಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಆವತ್ತ ಬೆನ್ನಾಗ ಸೂಜಿ ಕ್ವಟ್ಟಿದ್ರು. ಸೊಂಟದ ಕೆಳಗ ಅಷ್ಟ ಸತ್ತಂಗ ಆಗಿತ್ತು. ತಲಿ ಎಚ್ಚರ ಇತ್ತು. ನಡುವ ಹಸಿರು ಪಡದೆ ಕಟ್ಟಿದ್ರು. ನಾ ಕಣ್ಣು ಮುಚ್ಚಿದ್ದೆ, ಎಲ್ಲಾರೂ ಮಲಗ್ಯಾಳ ಅಂತ ತಿಳದ್ರು. ಆ ಸಾಹೇಬ್ರು ಕೇಳಿದ್ರು, 'ಸಾತ ನಂಬರ ಕುಠೆ ಆಹೆ?' ಆಮ್ಯಾಲೆ ನಮ್ಮ ಹುಡುಗ ಅಂದ, 'ಪಾಚ ಬರೋಬರ ಬಸೇಲ, ಸರ್.' ನನ್ನ ತವರಮನಿ ಗಡಿಂಗ್ಲಜ ಕಡೆ ಐತಲ್ರಿ, ನನಗ ಮರಾಠಿ ಬರೂದಿಲ್ಲೇನು? ಏಳು ನಂಬರ ಎಲ್ಲೈತಿ ಅಂತ ಅವರು ಕೇಳಿದ್ರು, ಐದು ಬರೋಬರಿ ಕೂಡತೈತಿ ಅಂತ ಇಂವ ಅಂದ. ಸಾಹೇಬ್ರು 'ನಕ್ಕೀ?', ಖಾತ್ರಿ ಏನು, ಅಂದ್ರು. ಇಂವ 'ನಕ್ಕೀ' ಅಂದ."

"ಆವಾಗ ಯಾಕ ಬಾಯಿ ಬಿಡ್ಲಿಲ್ಲ?" ಅಂತ ನಾನು ಕೂಗಿದೆ. ನನಗೆ ಅವಳ ಮೇಲೂ ಸಿಟ್ಟು ಬಂತು.

"ನಲವತ್ತು ಮಂದಿ ನೋಡಾಕತ್ತಿದ್ರಲ್ರಿ. ನಾ 'ತಡೀರಿ' ಅಂದಿದ್ರ ಅಂವ ಮಾರಿ ಎಲ್ಲಿ ಇಟ್ಕೋಬೇಕಾಗಿತ್ತು? ಕಾಲ ಒಂದು ಹೋದ್ರ ಹೋಗ್ಲಿ ಅಂತ ಸುಮ್ಮನ ಮಲಗಿದೆ."

ಆಮೇಲೆ ಇನ್ನೊಂದು ಮಾತು ಹೇಳಿದಳು. ಮೇ ತಿಂಗಳಲ್ಲಿ ನೀನು ಬಂದಾಗ ಮೆಣಸಿನಕಾಯಿ ತೊಟ್ಟು ಬಿಡಿಸುವ ಗಡಿಬಿಡಿ ಏನೂ ಇರಲಿಲ್ಲವಂತೆ. ಆ ರಾಶಿಯನ್ನು ಅವಳು ಬಾಜೂ ಮನೆಯ ಯಲ್ಲವ್ವನಿಂದ ಕೇಳಿ ತಂದಿದ್ದಳಂತೆ. ತಾನು ನಡೆಯುವುದನ್ನು ನೀನು ನೋಡಬಾರದು ಅಂತ. ಬೆಳಗಿನಿಂದ ಸಂಜೆತನಕ, ಬಚ್ಚಲಿಗೂ ಏಳದೆ ಕೂತಿದ್ದಳು, ನೀನು ಹೋಗುವ ತನಕ.

ಆದ್ದರಿಂದ ಮೇಲೆ ಬರೆದದ್ದರಲ್ಲಿ ಒಂದನ್ನು ಹೊಡೆದು ಹಾಕಿಕೋ. ಅವಳಿಗೆ ನೀನು ಹೇಳಬೇಕಾದದ್ದು ಏನೂ ಉಳಿದಿಲ್ಲ. ನೀನು ಬರಬೇಕು, ಅಷ್ಟೇ. ರವಿವಾರ ಬಾಗಿಲ ಮುಂದೆ ನಿಂತು ಕರೆ. ಆವತ್ತು ಮನೆಯಲ್ಲಿ ಮೆಣಸಿನಕಾಯಿ ಇರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಅವಳು ಎದ್ದು ಒಲೆಯಿಂದ ಬಾಗಿಲತನಕ ನಡೆದು ಬರುತ್ತಾಳೆ. ಹದಿನೈದು ಹೆಜ್ಜೆ ಆಗುತ್ತದೆ. ನೀನು ತಲೆ ತಗ್ಗಿಸಬಾರದು, ಪೂರ್ತಿ ನೋಡಬೇಕು.